ಅಪೇಕ್ಷೆಗಳ ತರತಮ: ‘ಭೂಮಿ’ ತಂತ್ರಾಂಶವೂ ವಿಜಯಪುರ ಸೀಮೆಯ ಉತಾರವೂ

ವ್ಯವಹಾರಕ್ಕೆಂದು ತಂತ್ರಾಂಶವನ್ನು ರಚಿಸುವವರಿಗೆ ಮೊದಲು ಎದುರಾಗುವ ತೊಡಕು ಯಂತ್ರದ್ದಲ್ಲ, ಬೇಡಿಕೆಗಳದ್ದು. ಬೇಡಿಕೆಗಳು ಹಲವು, ಕಾಲ, ಹಣ, ಜನ ಇವು ಪರಿಮಿತ. 1994ರಲ್ಲಿ ಡಾಯ್ ಕ್ಲೆಗ್ ಎಂಬ ತಜ್ಞರು ಬೇಡಿಕೆಗಳನ್ನು ಅತ್ಯವಶ್ಯ, ಅವಶ್ಯ, ಆದರೆ ಒಳ್ಳೆಯದು, ಸದ್ಯಕ್ಕೆ ಬೇಡ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಈ ವಿವೇಚನೆ ನಮ್ಮ ನಾಡಿನಲ್ಲಿ ಹೇಗೆ ನಡೆಯಿತೆಂಬುದನ್ನು ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಯಪುರ ಸೀಮೆಯಲ್ಲಿ ಪಹಣಿಗೆ ಉತಾರವೆಂದೂ ಗ್ರಾಮಲೆಕ್ಕಿಗನಿಗೆ ತಲಾಠಿಯೆಂದೂ ಹೆಸರು. ಹೊಲದ ಒಡೆಯನಾರು, ವಿಸ್ತೀರ್ಣವೆಷ್ಟು, ಬೆಳೆ ಯಾವುದು, ಸಾಲದ ಬೋಜಾ ಎಷ್ಟು ಎಂಬುದೆಲ್ಲವೂ ಈ ಒಂದೇ ಹಾಳೆಯಲ್ಲಿ ಅಡಕವಾಗಿದೆ. ರೈತನಿಗೆ ಬೇಕಾದುದು ಅದರ ನಕಲು. ಬ್ಯಾಂಕಿಗೆ ಬೋಜಾದ ವಿವರ. ಸರಕಾರಕ್ಕೆ ಬೆಳೆಯ ಲೆಕ್ಕ. ಭೂಮಾಪನ ಇಲಾಖೆಗೆ ನಕ್ಷೆ. ಇವೆಲ್ಲವೂ ನ್ಯಾಯವಾದ ಬೇಡಿಕೆಗಳೇ. ಆದರೆ ಮೊದಲು ಯಾವುದು?

1991ರಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ ನಡೆದ ಪ್ರಥಮ ಪ್ರಯೋಗವೂ 1996ರ ವೇಳೆಗೆ ಇತರ ಜಿಲ್ಲೆಗಳಿಗೆ ಮಂಜೂರಾದ ಯೋಜನೆಯೂ ನಿರೀಕ್ಷಿತ ಫಲ ನೀಡಲಿಲ್ಲ. ಇದಕ್ಕೆ ಮುಖ್ಯ ಕಾರಣವೇನೆಂದರೆ, ದಾಖಲೆ ನಿಜವಾಗಿ ತಿದ್ದಲ್ಪಡುತ್ತಿದ್ದ ತಾಲ್ಲೂಕಿನ ಮಟ್ಟದಲ್ಲಿ ಗಣಕಯಂತ್ರವಿರಲಿಲ್ಲ. ಅತ್ತ ಕೈಬರಹದ ವಹಿ ಬದಲಾಗುತ್ತಲೇ ಇರಲು, ಇತ್ತ ಯಂತ್ರದೊಳಗಿನ ಪ್ರತಿ ಹಳತಾಗುತ್ತಿತ್ತು.

ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ರೂಪುಗೊಂಡ ‘ಭೂಮಿ’ಯು ಈ ಅನುಭವದಿಂದ ಪಾಠ ಕಲಿತಿತು. ಅಂದಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೇರಿದವು. ಇಲ್ಲಿ ಅತ್ಯವಶ್ಯವೆನಿಸಿದುವು ಎರಡೇ: 15 ರೂಪಾಯಿಗೆ ಪಹಣಿಯ ನಕಲು ದೊರೆಯುವುದು, ಖಾತೆ ಬದಲಾವಣೆಯ ಅರ್ಜಿ ಸರದಿಯಂತೆ ಇತ್ಯರ್ಥವಾಗುವುದು. ತಾಲ್ಲೂಕಿನಲ್ಲಿ ವ್ಯವಸ್ಥೆ ಜಾರಿಗೆ ಬಂದೊಡನೆ ಕೈಬರಹದ ಪಹಣಿಯನ್ನು ನಿಷೇಧಿಸಲಾಯಿತು. ದಾಖಲೆ ಒಂದೇ ಆಗಿರಬೇಕೆಂಬ ಈ ನಿಶ್ಚಯವೇ ಯೋಜನೆಯ ಜೀವಾಳವೆಂದು ನಾವು ಭಾವಿಸುತ್ತೇವೆ.

ಆದರೆ ಮುಂದೂಡಿದ ಬೇಡಿಕೆಗಳಿಗೂ ಬೆಲೆಯುಂಟು. ನಕ್ಷೆಯ ಜೋಡಣೆ, ನೋಂದಣಿ ಕಚೇರಿಯ ಸಂಬಂಧ ಇವು ತರುವಾಯದ ಹಂತಗಳಿಗೆ ಉಳಿದವು. ವಾಟ್ನಿಯಾಗದ ಅಣ್ಣತಮ್ಮಂದಿರ ಹೊಲ, ಗತಿಸಿದ ತಂದೆಯ ಹೆಸರಿನಲ್ಲಿಯೇ ಉಳಿದ ಖಾತೆ ಇಂಥವು ವಹಿಯಲ್ಲಿದ್ದಂತೆಯೇ ಅಚ್ಚಿಗೆ ಬಂದವು. 1964ರ ಭೂಕಂದಾಯ ಅಧಿನಿಯಮದ 133ನೆಯ ಕಲಮಿನಂತೆ, ವಿರುದ್ಧವಾಗಿ ಸಿದ್ಧವಾಗುವವರೆಗೆ ದಾಖಲೆಯ ನಮೂದು ಸತ್ಯವೆಂದೇ ಗ್ರಾಹ್ಯ. ಆದುದರಿಂದ ತಪ್ಪು ನಮೂದಿನ ಭಾರ ಬಡ ಹಕ್ಕುದಾರನ ಮೇಲೆಯೇ ಬೀಳುತ್ತದೆ. ಇನ್ನೊಂದು ಸಂಗತಿ ದೂರದ್ದು. ಟಿಕೋಟಾ, ಬಬಲೇಶ್ವರಗಳು ಆಗ ಬಿಜಾಪುರ ತಾಲ್ಲೂಕಿನವು. 2018ರ ಸುಮಾರಿಗಷ್ಟೇ ಅವು ಪ್ರತ್ಯೇಕ ತಾಲ್ಲೂಕುಗಳಾದವು. ಊರಿನ ತಲಾಠಿಯಿಂದ ದೊರೆಯುತ್ತಿದ್ದ ಉತಾರಕ್ಕಾಗಿ ರೈತನು ಮೊದಮೊದಲು ತಾಲ್ಲೂಕು ಕಚೇರಿಗೆ ಬರಬೇಕಾಯಿತು. ತಲಾಠಿಯ ಮರ್ಜಿ ತಪ್ಪಿತು, ಆದರೆ ದಾರಿಯ ಖರ್ಚು ಹೆಚ್ಚಿತು. ಹೋಬಳಿಯ ನಾಡಕಚೇರಿಗಳಲ್ಲಿ ವಿತರಣೆ ಆರಂಭವಾದುದು ಆಮೇಲಿನ ಮಾತು.

ಇದರಿಂದ ಸ್ಪಷ್ಟವಾಗುವುದೇನೆಂದರೆ, ಆದ್ಯತೆಯ ನಿರ್ಣಯವು ಕೇವಲ ತಾಂತ್ರಿಕವಾದುದಲ್ಲ. ಕೆಲವನ್ನು ಮೊದಲು ಆರಿಸದಿದ್ದರೆ ಯಾವುದೂ ನೆರವೇರುವುದಿಲ್ಲವೆಂದು 1991ರ ತರುವಾಯದ ಇತಿಹಾಸ ಸಾರುತ್ತದೆ. ಹಾಗೆ ಆರಿಸುವಾಗ ಯಾರ ಬೇಡಿಕೆಯನ್ನು ಹಿಂದಕ್ಕಿಟ್ಟೆವೆಂಬುದನ್ನೂ ಬರೆದಿಡುವುದು ನ್ಯಾಯ. ಏಕೆಂದರೆ ಬರೆದಿಡದ ಬೇಡಿಕೆಯ ಸರದಿ ಬರುವುದೇ ಇಲ್ಲ.