ಸ್ತ್ರೀವೈದ್ಯದಲ್ಲಿ ಹುಳಿಯ ಜೀವಾಣುಗಳು

ಘಟಪ್ರಭೆಯ ಸೀಮೆಯ ಘೋಡಗೇರಿ ಮೊದಲಾದ ಹಳ್ಳಿಗಳಲ್ಲಿ ಮಜ್ಜಿಗೆಯಿಲ್ಲದೆ ಊಟವು ಪೂರೈಸುವುದಿಲ್ಲ. ನಿನ್ನೆಯ ಮೊಸರಿನ ತುಸು ಹೆಪ್ಪು ಇಂದಿನ ಹಾಲನ್ನು ಕೆಡಗೊಡದೆ ಹುಳಿಯಾಗಿಸುವುದೆಂಬುದನ್ನು ಅಲ್ಲಿಯ ಗೃಹಿಣಿಯು ಯಾವ ಶಾಸ್ತ್ರವನ್ನೂ ಓದದೆಯೇ ಬಲ್ಲಳು. ಅಂತಹದೇ ಒಂದು ಹುಳಿಯು ತನ್ನ ಶರೀರದಲ್ಲಿಯೂ ಕಾವಲಿದೆಯೆಂಬ ಸಂಗತಿಯನ್ನು ಅವಳಿಗೆ ತಿಳಿಸುವವರಾದರೋ ವಿರಳ. ಬಿಳಿಸೆರಗು, ಬಿಳಿಮುಟ್ಟು ಎಂಬ ಮಾತುಗಳನ್ನು ನಮ್ಮ ಹೆಂಗಸರು ತಗ್ಗಿದ ದನಿಯಲ್ಲಿ, ತಮ್ಮತಮ್ಮೊಳಗೆ ಮಾತ್ರ ಆಡುವರು. ಈಚೆಗೆ ‘ಪ್ರೋಬಯೋಟಿಕ್’ ಎಂಬ ಹೆಸರಿನ ಗುಳಿಗೆಗಳು ಈ ಬಾಧೆಗೆ ಪರಿಹಾರವೆಂದು ಮಾರಾಟಕ್ಕೆ ಬಂದಿರುವುದರಿಂದ ಈ ವಿಚಾರದ ಪೂರ್ವಚರಿತ್ರೆಯನ್ನು ಪರಿಶೀಲಿಸುವುದು ಅನುಚಿತವಾಗಲಾರದು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯದಲ್ಲಿ ಇಪ್ಪತ್ತು ಯೋನಿವ್ಯಾಪತ್ತುಗಳನ್ನು ಹೇಳಿದೆ. ಅವುಗಳಲ್ಲಿ ‘ಅಚರಣಾ’ ಎಂಬುದೊಂದು. ತೊಳೆಯದಿರುವುದರಿಂದ ಜಂತುಗಳು ಹುಟ್ಟಿ ತುರಿಕೆಯನ್ನುಂಟುಮಾಡುವುವೆಂಬುದು ಅದರ ಲಕ್ಷಣ. ಇಲ್ಲಿ ಜಂತುವು ಶತ್ರು, ತೊಳೆಯುವುದೇ ಶುದ್ಧಿ. ಪಾಶ್ಚಾತ್ಯರೂ ಇದಕ್ಕೆ ಹೊರತಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೋಗಾಣುವಾದವು ಬೇರೂರಿದಾಗ ಕ್ರಿಮಿನಾಶಕ ದ್ರವಗಳಿಂದ ಒಳಭಾಗವನ್ನು ತೊಳೆಯುವ ರೂಢಿಯು ಅಲ್ಲಿಯೂ ಬಲಿಯಿತು.

ಈ ಎಣಿಕೆಯನ್ನು ತಲೆಕೆಳಗು ಮಾಡಿದವನು ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್. ಆರೋಗ್ಯವಂತ ಸ್ತ್ರೀಯರ ಯೋನಿಸ್ರಾವದಲ್ಲಿ ಕಡ್ಡಿಯಾಕಾರದ ಸೂಕ್ಷ್ಮಜಂತುಗಳು ನೆಲೆಸಿರುವುವೆಂದೂ, ಅವು ಹುಟ್ಟಿಸುವ ಲ್ಯಾಕ್ಟಿಕ್ ಆಮ್ಲವು, ಎಂದರೆ ಮೊಸರಿನ ಹುಳಿಯೇ, ಕೆಡುಕಿನ ಜಂತುಗಳನ್ನು ದೂರವಿಡುವುದೆಂದೂ ಅವನು 1892ರಲ್ಲಿ ತೋರಿಸಿದನು. ಇದರ ಬಗೆ ಆಮೇಲೆ ಸ್ಪಷ್ಟವಾಯಿತು. ಈಸ್ಟ್ರೋಜೆನ್ ಎಂಬ ಸ್ತ್ರೀರಸದ ಪ್ರಭಾವದಿಂದ ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ಎಂಬ ಪಿಷ್ಟಸದೃಶ ವಸ್ತುವು ಸಂಗ್ರಹವಾಗುತ್ತದೆ. ಈ ಜಂತುಗಳು ಅದರ ಅಂಶಗಳನ್ನು ಹುಳಿಯಾಗಿಸಿ ಪಿಎಚ್ ಮಾನವನ್ನು ಸುಮಾರು 3.8ರಿಂದ 4.5ರೊಳಗೆ ನಿಲ್ಲಿಸುತ್ತವೆ. ಮೈನೆರೆಯುವ ಮುನ್ನವೂ ಮುಟ್ಟು ನಿಂತ ಮೇಲೂ ಈ ಕಾವಲು ಕ್ಷೀಣವಾಗಿರುವುದು ಇದರಿಂದಲೇ. ಸಾಬೂನಿನಿಂದಲೂ ಔಷಧಿಯ ನೀರಿನಿಂದಲೂ ಒಳಗನ್ನು ತೊಳೆಯುವುದು ಕಾವಲುಗಾರನನ್ನೇ ಹೊರದೂಡಿದಂತೆ.

ಇಷ್ಟರಲ್ಲಿ ಮೊಸರಿಗೂ ಒಂದು ಕೀರ್ತಿ ಬಂದಿತು. ಬಲ್ಗೇರಿಯದ ಮೊಸರಿನ ಜಂತುವನ್ನು ಗ್ರಿಗೊರೋವ್ 1905ರಲ್ಲಿ ಗುರುತಿಸಿದನು. ಅದು ದೀರ್ಘಾಯುಷ್ಯಕ್ಕೆ ಸಾಧನವೆಂದು ಮೆಚ್ನಿಕೋವ್ ಸಾರಿದನು. 1928ರಲ್ಲಿ ಥಾಮಸ್ ಎಂಬವನು ಡೋಡರ್ಲೈನನ ಜಂತುವನ್ನು ‘ಲ್ಯಾಕ್ಟೋಬ್ಯಾಸಿಲಸ್ ಆಸಿಡೋಫಿಲಸ್’ ಎಂದು ಹೆಸರಿಸಿದನು. ಹುಳಿಹಾಲಿನ ಸಂಬಂಧದಲ್ಲಿ ಪ್ರಸಿದ್ಧವಾಗಿದ್ದ ಹೆಸರೂ ಇದೇ. ಅಲ್ಲಿಂದ ಮಡಕೆಯ ಜಂತುವೂ ಮೈಯ ಜಂತುವೂ ಒಂದೇ ಎಂಬ ನಂಬಿಕೆಗೆ ದಾರಿಯಾಯಿತು. ಉಚ್ಚಾರದ ಹೋಲಿಕೆಯೊಂದರಿಂದಲೇ ಎರಡು ಶಬ್ದಗಳಿಗೆ ಒಂದೇ ಧಾತುವನ್ನು ಕಲ್ಪಿಸುವ ನಿರುಕ್ತಕಾರರ ತಪ್ಪನ್ನು ಬಲ್ಲ ವಾಚಕರಿಗೆ ಇದು ಹೊಸದಾಗಿ ಕಾಣದು. 1980ರ ಸುಮಾರಿಗೆ ಡಿಎನ್‌ಎ ಹೋಲಿಕೆಯಿಂದ ಆ ಒಂದು ಹೆಸರಿನಡಿಯಲ್ಲಿ ಹಲವು ಪ್ರಭೇದಗಳಿರುವುದು ಗೊತ್ತಾಯಿತು. ಸ್ತ್ರೀಶರೀರದಲ್ಲಿ ಮುಖ್ಯವಾಗಿ ನೆಲೆಸುವುವು ಕ್ರಿಸ್ಪೇಟಸ್, ಗ್ಯಾಸೆರೈ, ಜೆನ್ಸೆನೈ, ಐನರ್ಸ್ ಎಂಬುವು. ಮೊಸರಿನ ಬಲ್ಗೇರಿಕಸ್ ಮೊದಲಾದುವು ಬೇರೆ.

ಪರೀಕ್ಷೆಗಳ ಫಲವೂ ಇದಕ್ಕೆ ಅನುಗುಣವಾಗಿದೆ. ದಿನವೂ ಮೊಸರು ತಿಂದವರಲ್ಲಿ ಕ್ಯಾಂಡಿಡಾ ಬೂಷ್ಟಿನ ಸೋಂಕು ಇಳಿಯಿತೆಂದು 1992ರಲ್ಲಿ ಅಮೆರಿಕದಿಂದ ವರದಿಯಾಯಿತು; ಆದರೆ ಅಲ್ಲಿ ಕೊನೆಯವರೆಗೆ ಉಳಿದ ಸ್ತ್ರೀಯರು 13 ಮಂದಿ ಮಾತ್ರ. 2004ರಲ್ಲಿ ಆಸ್ಟ್ರೇಲಿಯದಲ್ಲಿ ಇನ್ನೂರಕ್ಕೂ ಮಿಕ್ಕ ಸ್ತ್ರೀಯರ ಮೇಲೆ ನಡೆದ ಪರೀಕ್ಷೆಯಲ್ಲಿ, ಆಂಟಿಬಯೋಟಿಕ್ ಸೇವನೆಯ ತರುವಾಯ ಬರುವ ಅದೇ ಸೋಂಕನ್ನು ಲ್ಯಾಕ್ಟೋಬ್ಯಾಸಿಲಸ್ ತಡೆಯಲಿಲ್ಲ. ಮೈಗೆ ಸೇರಿದ ಕ್ರಿಸ್ಪೇಟಸ್ಸನ್ನೇ ಬಳಸಿದಾಗ ಫಲವು ಬೇರೆಯಾಯಿತು. ಬ್ಯಾಕ್ಟೀರಿಯಲ್ ವೆಜೈನೋಸಿಸ್ ಎಂಬ ವ್ಯಾಧಿಯಲ್ಲಿ ಈ ಕಾವಲು ಜಂತುಗಳು ಕ್ಷಯಿಸಿ ಬೇರೆ ಜಂತುಗಳು ತುಂಬಿಕೊಳ್ಳುತ್ತವೆ. ಔಷಧದಿಂದ ಗುಣವಾದರೂ ಅದು ಮರುಕಳಿಸುವುದು ಸಾಮಾನ್ಯ. 2020ರಲ್ಲಿ ಪ್ರಕಟವಾದ 228 ಸ್ತ್ರೀಯರ ಪರೀಕ್ಷೆಯಲ್ಲಿ ಮೆಟ್ರೊನಿಡಜೋಲ್ ಚಿಕಿತ್ಸೆಯಾದ ಮೇಲೆ ಕ್ರಿಸ್ಪೇಟಸ್ಸನ್ನು ಒಳಗಿಟ್ಟವರಲ್ಲಿ 12 ವಾರಗಳೊಳಗೆ ಶೇಕಡಾ 30 ಮಂದಿಗೂ ಉಳಿದವರಲ್ಲಿ ಶೇಕಡಾ 45 ಮಂದಿಗೂ ವ್ಯಾಧಿಯು ಮರುಕಳಿಸಿತು. ಲಾಭವಿದೆ, ಪೂರ್ಣವಲ್ಲ. ಮತ್ತು ಇದು ಔಷಧದ ಬೆನ್ನಿಗೆ ಬಂದುದೇ ಹೊರತು ಔಷಧಕ್ಕೆ ಬದಲಾಗಿ ಅಲ್ಲ. ಮನೆಯ ಮೊಸರನ್ನು ಒಳಗಿಡುವುದಕ್ಕಂತೂ ಇದರಿಂದ ಯಾವ ಆಧಾರವೂ ದೊರೆಯದು. ಮೊಸರು ಊಟಕ್ಕೆ ಒಳ್ಳೆಯದು, ಅಷ್ಟಕ್ಕೇ ನಿಲ್ಲಲಿ.

ನಮ್ಮ ನಾಡಿನಲ್ಲಿ ಈ ವ್ಯಾಧಿಯು ಎಷ್ಟಿದೆ? ಮೈಸೂರಿನಲ್ಲಿ 2005–06ರಲ್ಲಿ ನಡೆದ ಅಧ್ಯಯನದಲ್ಲಿ 863 ತರುಣಿಯರ ಸ್ರಾವದ ಲೇಪಗಳನ್ನು ಸೂಕ್ಷ್ಮದರ್ಶಕದಿಂದ ನೋಡಲಾಗಿ 165 ಮಂದಿಯಲ್ಲಿ, ಎಂದರೆ ಶೇಕಡಾ 19ರಷ್ಟು ಜನರಲ್ಲಿ, ಇದು ಕಂಡುಬಂದಿತು. ನೆರೆಯ ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳ 650 ಸ್ತ್ರೀಯರನ್ನು ಕುರಿತು ಡಾ. ರಾಣಿ ಬಂಗ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ವರದಿಯು ಇನ್ನೂ ಗಂಭೀರವಾದುದು. ಶೇಕಡಾ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿದ್ದಿತು. ಅದಕ್ಕೆ ಮೊದಲು ವೈದ್ಯಪರೀಕ್ಷೆಗೆ ಒಳಗಾಗಿದ್ದವರು ಶೇಕಡಾ 8 ಮಾತ್ರ.

ಬಿಳಿಸೆರಗೆಂಬ ಒಂದೇ ಮಾತಿನೊಳಗೆ ಸಹಜ ಸ್ರಾವವೂ, ಬೂಷ್ಟಿನ ಸೋಂಕೂ, ಟ್ರೈಕೊಮೊನಾಸ್ ಎಂಬ ಪರೋಪಜೀವಿಯ ಬಾಧೆಯೂ, ಮೇಲೆ ಹೇಳಿದ ವ್ಯಾಧಿಯೂ, ಕೆಲವೊಮ್ಮೆ ಗರ್ಭಕಂಠದ ಕ್ಯಾನ್ಸರಿನ ಮೊದಲ ಸುಳಿವೂ ಅಡಗಿರಬಹುದು. ಇವುಗಳಲ್ಲಿ ಮೊದಲನೆಯದಕ್ಕೆ ಚಿಕಿತ್ಸೆಯೇ ಬೇಡ. ಉಳಿದವುಗಳಿಗೆ ಒಂದೇ ಚಿಕಿತ್ಸೆಯಲ್ಲ. ಯಾವುದು ಯಾವುದೆಂಬುದನ್ನು ಗುಳಿಗೆಯ ಪೊಟ್ಟಣವು ಹೇಳಲಾರದು, ಪರೀಕ್ಷೆಯೊಂದೇ ಹೇಳಬಲ್ಲುದು.