ಸಮಯ ಬಳಕೆ ಸಮೀಕ್ಷೆ: ವೇತನರಹಿತ ಗೃಹಕೃತ್ಯದ ಲೆಕ್ಕ

1. ಪೀಠಿಕೆ

ಕುಟುಂಬದ ಜೀವನಮಟ್ಟವು ಸದಸ್ಯರು ಗಳಿಸುವ ಆದಾಯದ ಮೇಲೆ ಮಾತ್ರವಲ್ಲದೆ, ಅಡುಗೆ, ಸ್ವಚ್ಛತೆ, ಮಕ್ಕಳ ಪಾಲನೆ, ವೃದ್ಧರ ಹಾಗೂ ರೋಗಿಗಳ ಆರೈಕೆ ಮುಂತಾದ ವೇತನರಹಿತ ದುಡಿಮೆಯ ಮೇಲೂ ಅವಲಂಬಿಸಿರುತ್ತದೆ. ಈ ದುಡಿಮೆಯ ಬಹುಪಾಲನ್ನು ಮಹಿಳೆಯರೇ ನಿರ್ವಹಿಸುತ್ತಿದ್ದರೂ ಉದ್ಯೋಗ ಮತ್ತು ಆದಾಯದ ಅಂಕಿಅಂಶಗಳಲ್ಲಿ ಅದು ಗೋಚರಿಸುವುದಿಲ್ಲ. ಸಮಯ ಬಳಕೆ ಸಮೀಕ್ಷೆಯು ಈ ಕೊರತೆಯನ್ನು ನೀಗಿಸಲು ನೆರವಾಗುತ್ತದೆ.

2. ಲೆಕ್ಕದಿಂದ ಹೊರಗುಳಿಯಲು ಕಾರಣ

ಉದ್ಯೋಗ ಸಮೀಕ್ಷೆಗಳಲ್ಲಿ ಕೇವಲ ಗೃಹಕೃತ್ಯದಲ್ಲಿ ತೊಡಗಿರುವವರಿಗೆ 92, ಗೃಹಕೃತ್ಯದೊಂದಿಗೆ ಸೌದೆ, ಮೇವು ಮುಂತಾದುವನ್ನು ಸಂಗ್ರಹಿಸುವವರಿಗೆ 93 ಎಂಬ ಸಂಕೇತ ಸಂಖ್ಯೆ ನೀಡಿ, ಅವರನ್ನು ಶ್ರಮಬಲದ ಹೊರಗೆ ಪರಿಗಣಿಸಲಾಗುತ್ತದೆ. ರಾಷ್ಟ್ರೀಯ ಆದಾಯ ಗಣನೆಯಲ್ಲಿಯೂ ಇದೇ ಸ್ಥಿತಿಯಿದೆ. ಹೋಟೆಲಿನ ಅಡುಗೆಯವರ ವೇತನವು ಲೆಕ್ಕಕ್ಕೆ ಸೇರುತ್ತದೆ. ಅದೇ ಅಡುಗೆಯನ್ನು ಗೃಹಿಣಿಯು ತನ್ನ ಮನೆಯವರಿಗಾಗಿ ಮಾಡಿದಲ್ಲಿ ಸೇರುವುದಿಲ್ಲ.

3. ಸಮೀಕ್ಷೆಯ ವಿಧಾನ

1998-99ರಲ್ಲಿ ಹರಿಯಾಣ, ಮಧ್ಯಪ್ರದೇಶ, ಗುಜರಾತ್, ಒಡಿಶಾ, ತಮಿಳುನಾಡು ಮತ್ತು ಮೇಘಾಲಯ ರಾಜ್ಯಗಳಲ್ಲಿ ಪ್ರಾಯೋಗಿಕ ಸಮೀಕ್ಷೆ ನಡೆಸಲಾಯಿತು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ಮೊದಲ ದೇಶವ್ಯಾಪಿ ಸಮೀಕ್ಷೆಯನ್ನು 2019ರ ಜನವರಿಯಿಂದ ಡಿಸೆಂಬರ್‌ವರೆಗೆ, ಎರಡನೆಯದನ್ನು 2024ರಲ್ಲಿ ನಡೆಸಿತು. 6 ವರ್ಷ ಮತ್ತು ಮೇಲ್ಪಟ್ಟ ಸದಸ್ಯರು ಬೆಳಗಿನ 4 ಗಂಟೆಯಿಂದ ಮರುದಿನ ಬೆಳಗಿನ 4 ಗಂಟೆಯವರೆಗೆ ಮಾಡಿದ ಕೆಲಸಗಳನ್ನು 30 ನಿಮಿಷಗಳ ಅವಧಿಗಳಲ್ಲಿ ದಾಖಲಿಸಲಾಗುತ್ತದೆ. ಹೀಗಾಗಿ, ವೃತ್ತಿ ಏನೆಂದು ಕೇಳಿದಾಗ "ಏನೂ ಇಲ್ಲ, ಮನೆಯಲ್ಲೇ ಇರುತ್ತೇನೆ" ಎನ್ನುವವರ ದುಡಿಮೆಯೂ ದಾಖಲೆಗೆ ಬರುತ್ತದೆ.

4. ಮುಖ್ಯಾಂಶಗಳು

2019ರ ಸಮೀಕ್ಷೆ (6 ವರ್ಷ ಮತ್ತು ಮೇಲ್ಪಟ್ಟವರು):

- ವೇತನರಹಿತ ಗೃಹಕೃತ್ಯದಲ್ಲಿ ಪಾಲ್ಗೊಂಡವರು: ಮಹಿಳೆಯರು ಶೇ. 81.2, ಪುರುಷರು ಶೇ. 26.1.
- ಪಾಲ್ಗೊಂಡವರು ಅದಕ್ಕಾಗಿ ದಿನವೊಂದಕ್ಕೆ ವ್ಯಯಿಸಿದ ಸರಾಸರಿ ಸಮಯ: ಮಹಿಳೆಯರು 299 ನಿಮಿಷ, ಪುರುಷರು 97 ನಿಮಿಷ.
- ಉದ್ಯೋಗ ಹಾಗೂ ಸಂಬಂಧಿತ ಚಟುವಟಿಕೆಗಳಲ್ಲಿ ಪಾಲ್ಗೊಂಡವರು: ಮಹಿಳೆಯರು ಶೇ. 18.4, ಪುರುಷರು ಶೇ. 57.3.

2024ರ ಸಮೀಕ್ಷೆಯಲ್ಲಿ, 15ರಿಂದ 59 ವರ್ಷದ ಮಹಿಳೆಯರಲ್ಲಿ ಗೃಹಕೃತ್ಯದಲ್ಲಿ ಪಾಲ್ಗೊಂಡವರು ಅದಕ್ಕೆ ವ್ಯಯಿಸಿದ ಸಮಯವು 315 ನಿಮಿಷಗಳಿಂದ 305 ನಿಮಿಷಗಳಿಗೆ ಇಳಿದಿದೆ. ಐದು ವರ್ಷಗಳಲ್ಲಿ ಆಗಿರುವ ಇಳಿಕೆಯು ಕೇವಲ 10 ನಿಮಿಷಗಳು ಎಂಬುದು ಗಮನಾರ್ಹ.

5. ಅಂಕಿಅಂಶಗಳನ್ನು ಓದುವ ಕ್ರಮ

ಮೇಲಿನ ಸರಾಸರಿಗಳು ಪಾಲ್ಗೊಂಡವರಿಗೆ ಮಾತ್ರ ಅನ್ವಯಿಸುತ್ತವೆ. ಪಾಲ್ಗೊಳ್ಳದವರನ್ನೂ ಸೇರಿಸಿ ಲೆಕ್ಕ ಹಾಕಿದಲ್ಲಿ, 2019ರಲ್ಲಿ ಮಹಿಳೆಯರ ಸರಾಸರಿ ಸುಮಾರು 243 ನಿಮಿಷ, ಪುರುಷರದು ಸುಮಾರು 25 ನಿಮಿಷ ಆಗುತ್ತದೆ. ಅಂದರೆ ಅಂತರವು ಮೂರು ಪಟ್ಟಿನಿಂದ ಹತ್ತು ಪಟ್ಟಿನ ಸಮೀಪಕ್ಕೆ ಏರುತ್ತದೆ. ಹೋಲಿಕೆ ಮಾಡುವಾಗ ಯಾವ ಸರಾಸರಿಯನ್ನು ಬಳಸಲಾಗಿದೆ ಎಂಬುದನ್ನು ಹಾಗೂ ವಯೋಮಿತಿಯನ್ನು ಪರಿಶೀಲಿಸುವುದು ಅವಶ್ಯಕ.

6. ಉಪಯೋಗಗಳು

ಈ ಅಂಕಿಅಂಶಗಳು ಕುಡಿಯುವ ನೀರು, ಅಡುಗೆ ಅನಿಲ, ಸಾರಿಗೆ ಮತ್ತು ಶಿಶುಪಾಲನಾ ಕೇಂದ್ರಗಳ ಯೋಜನೆಗಳನ್ನು ರೂಪಿಸಲು ಸಹಕಾರಿಯಾಗಿವೆ. ಕರ್ನಾಟಕದಲ್ಲಿ 2023-24ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಲಾದ ಗ್ರಾಮ ಪಂಚಾಯಿತಿ ಮಟ್ಟದ "ಕೂಸಿನ ಮನೆ" ಯೋಜನೆಯು, ಮಕ್ಕಳ ಪಾಲನೆಯ ಹೊಣೆಯಿಂದಾಗಿ ತಾಯಂದಿರು ದುಡಿಮೆಯ ಅವಕಾಶ ಕಳೆದುಕೊಳ್ಳಬಾರದೆಂಬ ಉದ್ದೇಶ ಹೊಂದಿದೆ.

ನ್ಯಾಯಾಲಯಗಳಿಗೂ ಈ ಮಾಹಿತಿ ಉಪಯುಕ್ತವಾಗಿದೆ. ರಸ್ತೆ ಅಪಘಾತದಲ್ಲಿ ಗೃಹಿಣಿ ಮೃತಪಟ್ಟಾಗ, ವೇತನದ ದಾಖಲೆ ಇಲ್ಲವೆಂಬ ಕಾರಣಕ್ಕೆ ಆಕೆಯ ದುಡಿಮೆಯನ್ನು ಶೂನ್ಯವೆಂದು ಎಣಿಸಲಾಗದು. ಸರ್ವೋಚ್ಚ ನ್ಯಾಯಾಲಯವು 2021ರ ಜನವರಿ 5ರ ತೀರ್ಪಿನಲ್ಲಿ 2019ರ ಸಮೀಕ್ಷೆಯನ್ನು ಉಲ್ಲೇಖಿಸಿ, ಪರಿಹಾರ ನಿಗದಿಪಡಿಸುವಾಗ ಗೃಹಿಣಿಗೆ ಕಾಲ್ಪನಿಕ ಆದಾಯವನ್ನು ಪರಿಗಣಿಸುವುದನ್ನು ಎತ್ತಿಹಿಡಿದಿದೆ.

7. ಸಾರ್ವಜನಿಕರಲ್ಲಿ ಮನವಿ

ಸಮೀಕ್ಷಾ ಸಿಬ್ಬಂದಿಯು ಮನೆಗೆ ಭೇಟಿ ನೀಡಿದಾಗ ಕುಟುಂಬದ ಯಜಮಾನರೊಬ್ಬರೇ ಎಲ್ಲರ ಪರವಾಗಿ ಉತ್ತರಿಸದೆ, ಸಾಧ್ಯವಾದಷ್ಟೂ ಆಯಾ ಸದಸ್ಯರೇ ಮಾಹಿತಿ ನೀಡಲು ಅನುವು ಮಾಡಿಕೊಡಬೇಕಾಗಿ ಕೋರಲಾಗಿದೆ. ನಸುಕಿನಲ್ಲಿ ಎದ್ದು ನೀರು ತುಂಬಿಸಿದ್ದು, ರಾತ್ರಿ ಪಾತ್ರೆ ತೊಳೆದದ್ದು, ರೋಗಿಯ ಬಳಿ ಕುಳಿತದ್ದು ಇವೆಲ್ಲವೂ ತಿಳಿಸಬೇಕಾದ ಮಾಹಿತಿಯೇ ಆಗಿವೆ.