ಹಂದಿಗಳು ಹಾಲು ಕುಡಿದ ದಿನ

‘ಅನಿಮಲ್ ಫಾರ್ಮ್’ನಲ್ಲಿ ಕ್ರಾಂತಿ ಕೆಟ್ಟದ್ದು ಯಾವಾಗ? ನೆಪೋಲಿಯನ್ ಎಂಬ ಹಂದಿ ತನ್ನ ನಾಯಿಗಳನ್ನು ಎದುರಾಳಿ ಹಂದಿ ಸ್ನೋಬಾಲ್ ಮೇಲೆ ಛೂ ಬಿಟ್ಟಾಗ ಎನ್ನುತ್ತಾರೆ ಹೆಚ್ಚಿನ ಓದುಗರು. ಜಾರ್ಜ್ ಆರ್ವೆಲ್ ಲೆಕ್ಕ ಬೇರೆ. 1945ರಲ್ಲಿ ಪುಸ್ತಕ ಬಂತು. ಹಂದಿಗಳು ಹಾಲು, ಸೇಬುಗಳನ್ನು ತಮಗೇ ಇಟ್ಟುಕೊಂಡದ್ದೇ ಕಥೆಯ ತಿರುವು ಎಂದು ಮರುವರ್ಷ ಅವರು ಪತ್ರವೊಂದರಲ್ಲಿ ಬರೆದರು. ಹಂದಿಗಳ ಆ ತೀರ್ಮಾನಕ್ಕೆ ಸ್ನೋಬಾಲ್‌ನ ಒಪ್ಪಿಗೆಯೂ ಇತ್ತು. ಒಳ್ಳೆಯ ನಾಯಕ ಸೋತು ಕೆಟ್ಟವನು ಗೆದ್ದ ಕಥೆಯೆಂದು ಇದನ್ನು ಓದುವವರು ಈ ವಿವರವನ್ನು ಹಾರಿಸಿಬಿಡುತ್ತಾರೆ.

ಡಿಸ್ಟೋಪಿಯಾ ಸಾಹಿತ್ಯದಲ್ಲಿ ಕ್ರಾಂತಿ ಒಳಗಿನಿಂದಲೇ ಕೆಡುವ ಈ ಎಳೆ ಆರ್ವೆಲ್‌ಗಿಂತ ಹಳೆಯದು. ರಷ್ಯಾದ ಯೆವ್ಗೆನಿ ಜಮ್ಯಾತಿನ್ ಬೊಲ್ಶೆವಿಕ್ ಆಗಿ ಝಾರ್ ದೊರೆಯ ಜೈಲು ಕಂಡವರು. ಕ್ರಾಂತಿ ಗೆದ್ದ ಕೆಲವೇ ವರ್ಷಗಳಲ್ಲಿ ಅವರು ಬರೆದ ‘ನಾವು’ 1924ರಲ್ಲಿ ಇಂಗ್ಲಿಷ್‌ನಲ್ಲಿ ಬಂತು. ಅವರದೇ ನಾಡಿನಲ್ಲಿ ಅಚ್ಚಾದದ್ದು 1988ರಲ್ಲಿ. ಸಂಖ್ಯೆಗಳಿಗೆ ಕೊನೆಯಿಲ್ಲದಿರುವಾಗ ಕ್ರಾಂತಿಗೆಲ್ಲಿಯ ಕೊನೆ ಎಂದು ಅದರ ಬಂಡಾಯಗಾರ್ತಿ ವಾದಿಸುತ್ತಾಳೆ. ತಮ್ಮದೇ ಕೊನೆಯ ಕ್ರಾಂತಿ ಎಂದು ನಂಬಿದವರ ಮೇಲಿನ ಈ ತಕರಾರೇ ಮುಂದಿನ ಬರಹಗಾರರಿಗೆ ಬುನಾದಿಯಾಯಿತು.

ಆರ್ವೆಲ್ ಇದಕ್ಕೆ ಕಣ್ಣಾರೆ ಕಂಡದ್ದನ್ನು ಸೇರಿಸಿದರು. ಸ್ಪೇನ್ ಅಂತರ್ಯುದ್ಧದ ನಡುವೆ, 1937ರ ಬಾರ್ಸಿಲೋನಾದಲ್ಲಿ, ಫ್ಯಾಸಿಸ್ಟರ ಎದುರು ಹೋರಾಡಿದ ತಮ್ಮ ಜೊತೆಗಾರರಿಗೇ ಫ್ಯಾಸಿಸ್ಟ್ ಏಜೆಂಟರೆಂಬ ಹಣೆಪಟ್ಟಿ ಬಿದ್ದದ್ದನ್ನು ಅವರು ನೋಡಿದ್ದರು. ‘ಅನಿಮಲ್ ಫಾರ್ಮ್’ನ ಗೋಡೆಯ ಮೇಲಿನ ಕಟ್ಟಳೆಗಳು ರಾತ್ರೋರಾತ್ರಿ ತಿದ್ದಿಹೋಗುವ ಕಲ್ಪನೆಯ ಹಿಂದೆ ಈ ಅನುಭವವಿದೆ. 1949ರ ‘ನೈಂಟೀನ್ ಎಯ್ಟಿ ಫೋರ್’ ಇನ್ನೂ ಕಟು. ಅಲ್ಲಿ ಕಥಾನಾಯಕ ವಿನ್‌ಸ್ಟನ್ ಗುಪ್ತ ಪ್ರತಿರೋಧಕ್ಕೆ ಸೇರುವ ದಿನವೇ, ಬೇಕಾದರೆ ಮಗುವಿನ ಮುಖಕ್ಕೆ ಆ್ಯಸಿಡ್ ಎರಚಲೂ ಸಿದ್ಧ ಎಂದು ಒಪ್ಪಿಕೊಳ್ಳುತ್ತಾನೆ.

ಇಲ್ಲಿಯವರೆಗೆ ಕೇಡು ಮೇಲಿನಿಂದ ಇಳಿಯುತ್ತಿತ್ತು. ಅದನ್ನು ಬುಡಮೇಲು ಮಾಡಿದವರು ಉರ್ಸುಲಾ ಲೆ ಗ್ವಿನ್. 1974ರ ‘ದಿ ಡಿಸ್ಪೊಸೆಸ್ಡ್’ ನಿಜಕ್ಕೆ ಡಿಸ್ಟೋಪಿಯಾ ಅಲ್ಲ, ಸಂದಿಗ್ಧವಾದೊಂದು ಆದರ್ಶಲೋಕ. ಅನಾರೆಸ್ ಎಂಬ ಬರಡು ನೆಲದಲ್ಲಿ ಸರ್ಕಾರವಿಲ್ಲ, ಕಾನೂನಿಲ್ಲ, ಸ್ವಂತ ಆಸ್ತಿಯಿಲ್ಲ. ನೆಪೋಲಿಯನ್‌ನಂಥವನೂ ಇಲ್ಲ. ಆದರೂ ಭೌತವಿಜ್ಞಾನಿ ಶೆವೆಕ್‌ನ ಕೆಲಸ ಹೊರಬರಬೇಕಾದರೆ ಹಿರಿಯ ಸಾಬುಲ್‌ನ ಹೆಸರೂ ಅದರ ಮೇಲಿರಬೇಕು. ವ್ಯಂಗ್ಯನಾಟಕ ಬರೆದ ಟಿರಿನ್‌ನನ್ನು ಯಾರೂ ಬಂಧಿಸುವುದಿಲ್ಲ. ಸುತ್ತಲಿನವರ ಅಸಮಾಧಾನವೇ ಅವನನ್ನು ಮುರಿದುಹಾಕುತ್ತದೆ. ನಾಲ್ಕು ಜನ ಏನೆಂದಾರು ಎಂಬ ಅಂಜಿಕೆಯೇ ಅಲ್ಲಿನ ಪೊಲೀಸು. ಊರ ಪಂಚಾಯ್ತಿ, ಮಠ, ಸಂಘ, ಚಳವಳಿಗಳನ್ನು ಒಳಗಿನಿಂದ ಬಲ್ಲ ನಮ್ಮ ಓದುಗರಿಗೆ ಇದು ಆರ್ವೆಲ್‌ಗಿಂತ ಬೇಗ ಅರ್ಥವಾಗಬೇಕು.

ಮಾರ್ಗರೆಟ್ ಅಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ (1985) ಬೇರೆ ದಾರಿಯದು. ಅದರಲ್ಲಿನ ಗಿಲಿಯಾಡ್ ಎಂಬ ನಾಡನ್ನು ಆಳುವವರು ಆದರ್ಶ ಮರೆತವರಲ್ಲ, ಜಾರಿಗೆ ತಂದವರು. ಕದ್ದು ವೇಶ್ಯಾಗೃಹ ನಡೆಸುವುದು ಅವರಿಗೆ ತಾವೇ ಕೊಟ್ಟುಕೊಂಡ ರಿಯಾಯಿತಿ. ಹೆಣ್ಣಿನ ಜಾಗ ಮನೆ ಎಂದು ಊರೂರಲ್ಲಿ ಭಾಷಣ ಮಾಡಿದ ಸೆರೀನಾ ಜಾಯ್ ಕೊನೆಗೆ ಮನೆಯಲ್ಲೇ ಸೆರೆ.

ಆಮೇಲೆ ಹದಿಹರೆಯದವರಿಗಾಗಿ ಬಂದ ರಾಶಿ ಡಿಸ್ಟೋಪಿಯಾ ಕಾದಂಬರಿಗಳಲ್ಲಿ ಹೆಚ್ಚಿನವು ಮರೆಯಬಹುದಾದವು. ಸುಝಾನ್ ಕಾಲಿನ್ಸ್ ಅವರ ‘ಮಾಕಿಂಗ್‌ಜೇ’ (2010) ಹಾಗಲ್ಲ. ಬಂಡಾಯದ ನಾಯಕಿ ಕಾಯಿನ್ ಗೆದ್ದ ಮೇಲೆ, ಸೋತವರ ಮಕ್ಕಳನ್ನು ಅವರೇ ನಡೆಸುತ್ತಿದ್ದ ಸಾವಿನಾಟಕ್ಕೆ ಇಳಿಸುವ ಪ್ರಸ್ತಾಪ ಮುಂದಿಡುತ್ತಾಳೆ, ಅದೂ ಮತಕ್ಕೆ ಹಾಕಿ. ಪರವಾಗಿ ಮತ ಹಾಕಿದ ಕಥಾನಾಯಕಿ ಕ್ಯಾಟ್ನಿಸ್ ಆಮೇಲೆ ಬಾಣ ಬಿಡುವುದು ಕಾಯಿನ್‌ಗೆ.

ಆದರೂ ಆದರ್ಶದ ಜಾರುವಿಕೆಯ ನಿಜವಾದ ವೇಗವನ್ನು ಹಿಡಿದದ್ದು ಲೆ ಗ್ವಿನ್ ಮಾತ್ರ. ಆರ್ವೆಲ್ ಓದಿ ನಿಲ್ಲಿಸಿದವರು ದಯವಿಟ್ಟು ಅನಾರೆಸ್‌ವರೆಗೂ ಹೋಗಿಬನ್ನಿ.